ಕನ್ನಡದಲ್ಲಿ ಕೊಟ್ಟ ಮನವಿಗೆ ಕಾಸರಗೋಡಿನಲ್ಲಿ ಬೆಲೆ ಇದೆಯಾ?

2025ರ ಅಕ್ಟೋಬರ್‌ನಲ್ಲಿ ಕೇರಳ ವಿಧಾನಸಭೆ ಮಲಯಾಳ ಭಾಷಾ ಮಸೂದೆಯನ್ನು ಪಾಸು ಮಾಡಿತು. 2026ರ ಜನವರಿಯ ಹೊತ್ತಿಗೆ ಅದರ ಬಿಸಿ ಗಡಿ ದಾಟಿತು. ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರಿಗೆ ಪತ್ರ ಬರೆದರು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದವರು ಕೇರಳದ ರಾಜ್ಯಪಾಲರಿಗೆ ಮನವಿ ಕೊಟ್ಟರು. ಕನ್ನಡ, ತಮಿಳು ಮಾತಾಡುವವರಿಗೆ ಮಸೂದೆಯಲ್ಲೇ ರಕ್ಷಣೆ ಇದೆ ಎಂದು ವಿಜಯನ್ ಉತ್ತರ ಕೊಟ್ಟರು.

ಪತ್ರಿಕೆ ಓದಿದವರಿಗೆ ಇದು ಎರಡು ಮುಖ್ಯಮಂತ್ರಿಗಳ ಪತ್ರದ ಜಗಳದ ಹಾಗೆ ಕಂಡಿರಬಹುದು. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಇರುವವರಿಗೆ ಮಾತ್ರ ಪ್ರಶ್ನೆ ಬೇರೆಯೇ. ಕೆಂಪು ಕಲ್ಲಿನ ಕೋರೆಯಿಂದ ಬಾವಿ ಬತ್ತುತ್ತಿದೆ ಎಂದೋ, ಹೆದ್ದಾರಿ ಅಗಲವಾದ ಮೇಲೆ ಆಚೆ ಬದಿಗೆ ದಾಟಲು ಅಂಡರ್‌ಪಾಸ್ ಬೇಕು ಎಂದೋ ಊರವರು ಸೇರಿ ಮನವಿ ಬರೆಯುತ್ತಾರೆ. ಅದನ್ನು ಕನ್ನಡದಲ್ಲಿ ಬರೆದರೆ ಇನ್ನು ಮುಂದೆ ತೆಗೆದುಕೊಳ್ಳುತ್ತಾರಾ? ತೆಗೆದುಕೊಂಡರೂ ಓದುತ್ತಾರಾ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ತೆಗೆದುಕೊಳ್ಳಲೇಬೇಕು. ಎರಡನೆಯದು ಅಷ್ಟು ಸುಲಭ ಅಲ್ಲ. ನೀರು, ಗುಡ್ಡ, ವಿಷದ ವಿಷಯಗಳು ಈ ಜಿಲ್ಲೆಯಲ್ಲಿ ಭಾಷೆಯ ಜತೆ ಹೆಣೆದುಕೊಂಡಿರುವುದು ಆ ಎರಡನೆಯ ಪ್ರಶ್ನೆಯಲ್ಲೇ.

ಕಾನೂನಿನಲ್ಲಿ ಇರುವುದು

ಸಂವಿಧಾನದ 350ನೇ ವಿಧಿ ತುಂಬ ಚಿಕ್ಕದು. ತನ್ನ ಕಷ್ಟವನ್ನು ಹೇಳಿಕೊಳ್ಳಲು ಯಾವುದೇ ವ್ಯಕ್ತಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಮನವಿ ಕೊಡಬಹುದು. ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು. ಅಷ್ಟೇ. ಕನ್ನಡ ಕೇರಳದಲ್ಲಿ ಬಳಕೆಯಲ್ಲಿರುವ ಭಾಷೆ ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ.

ಆದರೆ ಈ ವಿಧಿಯಲ್ಲಿ ಒಂದು ಕೊರತೆ ಇದೆ. ಮನವಿ ಯಾವ ಭಾಷೆಯಲ್ಲಿರಬಹುದು ಎಂದು ಹೇಳುತ್ತದೆ, ಉತ್ತರ ಯಾವ ಭಾಷೆಯಲ್ಲಿರಬೇಕು ಎಂದು ಹೇಳುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ಕೇರಳದ್ದೇ ಕಾನೂನು. 1969ರ ಅಧಿಕೃತ ಭಾಷಾ ಕಾಯ್ದೆ, ಆಮೇಲೆ ಆದ ತಿದ್ದುಪಡಿಯೂ ಸೇರಿ, ತಮಿಳು ಮತ್ತು ಕನ್ನಡ ಮಾತಾಡುವವರಿಗೆ ಒಂದು ಸ್ಪಷ್ಟ ಹಕ್ಕು ಕೊಟ್ಟಿದೆ. ತಿರುವನಂತಪುರದ ಸೆಕ್ರೆಟೇರಿಯೇಟ್ ಜತೆ, ಇಲಾಖೆಗಳ ಮುಖ್ಯಸ್ಥರ ಜತೆ, ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿರುವ ಸರಕಾರಿ ಕಚೇರಿಗಳ ಜತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು.

ಈ ಕೊನೆಯ ಸಾಲು ಮುಖ್ಯ. ಕನ್ನಡದ ಅರ್ಜಿ ಹಿಡಿದು ಬಂದವರಿಗೆ ಮಲಯಾಳದಲ್ಲಿ ಉತ್ತರ ಕೊಟ್ಟು ಕಳಿಸಿದರೆ ಅದು ಬರೀ ಸೌಜನ್ಯದ ಕೊರತೆ ಅಲ್ಲ. ಕಾನೂನನ್ನು ಪಾಲಿಸದೇ ಇರುವುದು.

ಕಾನೂನು ಹೆಸರು ಹೇಳಿರುವುದು ಕನ್ನಡ ಮತ್ತು ತಮಿಳಿನದ್ದು ಮಾತ್ರ. ಕಾಸರಗೋಡಿನ ಉತ್ತರ ಭಾಗದಲ್ಲಿ ಮನೆಯ ಮಾತು ತುಳುವೋ, ಬ್ಯಾರಿಯೋ, ಕೊಂಕಣಿಯೋ, ಮರಾಠಿಯೋ ಆಗಿರುತ್ತದೆ. ಇವರಲ್ಲಿ ಬಹಳ ಜನ ಓದಿದ್ದು ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಹಾಗಾಗಿ ಕನ್ನಡದಲ್ಲಿ ಬರೆಯುವ ಹಕ್ಕು ಎಂದರೆ ಕನ್ನಡವನ್ನು ಮನೆಮಾತಾಗಿ ಆಡುವವರದ್ದು ಮಾತ್ರ ಅಲ್ಲ. ಬರವಣಿಗೆಗೆ ಕನ್ನಡ ಒಂದನ್ನೇ ನಂಬಿರುವ ಎಲ್ಲರದ್ದೂ ಹೌದು. ಎರಡು ರಾಜಧಾನಿಗಳ ವಾದದಲ್ಲೂ ಈ ಮಾತು ಹೆಚ್ಚು ಕೇಳಿಬರುವುದಿಲ್ಲ.

ಹೊಸ ಮಸೂದೆ ತಂದ ಗೊಂದಲ

ಮಲಯಾಳವನ್ನು ಆಡಳಿತದಲ್ಲಿ ಗಟ್ಟಿಗೊಳಿಸುವ ಪ್ರಯತ್ನ ಇದೇ ಮೊದಲಲ್ಲ. 2015ರಲ್ಲೂ ವಿಧಾನಸಭೆ ಇಂಥದ್ದೇ ಮಸೂದೆ ಪಾಸು ಮಾಡಿತ್ತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಗಲಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾನೂನು ಬಂತು. ಆಗಲೂ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆ ಆಯಿತು. 2025ರ ಮಸೂದೆ ಮಲಯಾಳವನ್ನು ಆಡಳಿತ ಭಾಷೆಯಾಗಿ ಇನ್ನಷ್ಟು ಗಟ್ಟಿ ಮಾಡುತ್ತದೆ, ಶಾಲೆಗಳಲ್ಲಿ ಹತ್ತನೇ ತರಗತಿವರೆಗೆ ಮೊದಲ ಭಾಷೆಯ ಜಾಗದಲ್ಲಿ ಕೂರಿಸುತ್ತದೆ.

ಕೇರಳ ಸರಕಾರದ ವಾದ ಹೀಗಿದೆ. ಮಸೂದೆಯ ಏಳನೇ ಕಲಮಿನಲ್ಲಿ ಕನ್ನಡ, ತಮಿಳು ಮಾತಾಡುವವರಿಗೆ ಪ್ರತ್ಯೇಕ ರಕ್ಷಣೆ ಇದೆ. ಅವರು ಈಗಿನ ಹಾಗೆಯೇ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಆ ಭಾಷೆಯಲ್ಲೇ ಬರುತ್ತದೆ. ಹಾಗಾದರೆ ಗಲಾಟೆ ಏಕೆ ಎನ್ನುವುದು ತಿರುವನಂತಪುರದ ಪ್ರಶ್ನೆ.

ಕನ್ನಡಿಗರ ಉತ್ತರಕ್ಕೂ ತೂಕ ಇದೆ. ಹಳೆಯ ಕಾನೂನಿನಲ್ಲೂ ಇದೇ ರಕ್ಷಣೆ ಇತ್ತು ತಾನೆ? ಆದರೂ ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರು ಬಂದರು. ಮಕ್ಕಳೂ ಪೋಷಕರೂ ಶಾಲೆಯ ಗೇಟಿನ ಮುಂದೆ ಕೂರಬೇಕಾಯಿತು. ಕಾಗದದ ಮೇಲಿನ ರಕ್ಷಣೆ ಕೆಲಸಕ್ಕೆ ಬಾರದ್ದನ್ನು ಕಣ್ಣಾರೆ ಕಂಡವರಿಗೆ ಅದೇ ರಕ್ಷಣೆಯನ್ನು ಮತ್ತೆ ಬರೆದುಕೊಟ್ಟರೆ ಸಮಾಧಾನ ಆಗುವುದಿಲ್ಲ. ಸಿದ್ದರಾಮಯ್ಯ ಅವರ ಪತ್ರದಲ್ಲಿ ಹೆಚ್ಚು ಒತ್ತು ಇದ್ದದ್ದು ಮಕ್ಕಳ ಕಲಿಕೆಗೆ. ಅದು ಸರಿಯೇ. ಆದರೆ ದೊಡ್ಡವರು ದಿನಾ ಹತ್ತಿ ಇಳಿಯುವ ಆಫೀಸಿನ ಮೆಟ್ಟಿಲಿನ ಬಗ್ಗೆ ಈ ಚರ್ಚೆಯಲ್ಲಿ ಮಾತು ಕಡಿಮೆ.

ಮಲಯಾಳಿಗಳ ಕಡೆಯ ಒಂದು ಮಾತನ್ನೂ ಪ್ರಾಮಾಣಿಕವಾಗಿ ಕೇಳಬೇಕು. ಅವರಲ್ಲಿ ಆಡಳಿತ ಭಾಷೆಯ ಬೇಡಿಕೆ ಹುಟ್ಟಿದ್ದು ಇಂಗ್ಲಿಷ್ ಬಾರದವನಿಗೆ ಸರಕಾರದ ಆದೇಶ ಅರ್ಥವಾಗದೆ ಇದ್ದುದರಿಂದ. ತನ್ನ ಜಮೀನಿನ ಬಗ್ಗೆ, ತನ್ನ ಪಿಂಚಣಿಯ ಬಗ್ಗೆ ಬಂದ ಕಾಗದವನ್ನು ತಾನೇ ಓದುವಂತಾಗಬೇಕು ಎನ್ನುವುದು ನ್ಯಾಯವಾದ ಆಸೆ. ಕಾಸರಗೋಡಿನ ಎಣ್ಮಕಜೆಯ ಕನ್ನಡ ಓದುವ ರೈತ ಕೇಳುತ್ತಿರುವುದೂ ಅದನ್ನೇ ಅಲ್ವಾ?

ಕಾಗದ ನಿಂತು ಹೋಗುವ ಜಾಗ

ಒಂದು ಮನವಿ ಸಾಗುವ ದಾರಿಯನ್ನು ನೋಡೋಣ. ಊರವರು ಸಹಿ ಹಾಕಿ ಪಂಚಾಯತಿಗೋ, ವಿಲೇಜ್ ಆಫೀಸಿಗೋ, ವಿದ್ಯಾನಗರದ ಕಲೆಕ್ಟರೇಟ್‌ಗೋ ಕೊಡುತ್ತಾರೆ. ಅಲ್ಲಿ ನಂಬರ್ ಬೀಳುತ್ತದೆ. ಗಣಿ ಇಲಾಖೆಗೆ ಸೇರಿದ್ದಾದರೆ ಅಲ್ಲಿಗೆ, ಮಾಲಿನ್ಯದ್ದಾದರೆ ಮಂಡಳಿಗೆ ಹೋಗುತ್ತದೆ. ಆ ಆಫೀಸಿನಲ್ಲಿ ಕನ್ನಡ ಓದುವವರು ಒಬ್ಬರು ಇದ್ದರೆ ಕಾಗದ ಮುಂದೆ ಹೋಗುತ್ತದೆ. ಅವರು ವರ್ಗವಾಗಿ ಹೋಗಿದ್ದರೆ ಯಾರಾದರೂ ಬರುವವರೆಗೆ ಕಾಯುತ್ತದೆ. ಬೇಕೆಂದೇ ಬದಿಗಿಡುತ್ತಾರೆ ಎಂದು ಹೇಳಬೇಕಾಗಿಲ್ಲ. ಓದಲು ಬಾರದ ಕಾಗದ ಅಡಿಗೆ ಹೋಗುವುದು ಯಾವ ಆಫೀಸಿನಲ್ಲೂ ಆಗುವಂಥದ್ದೇ.

ಇದನ್ನು ನೋಡಿ ಜನ ಬುದ್ಧಿವಂತರಾಗುತ್ತಾರೆ. ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಮಲಯಾಳದಲ್ಲಿ ಟೈಪ್ ಮಾಡಿಸುತ್ತಾರೆ. ಇಲ್ಲದಿದ್ದರೆ ಗೊತ್ತಿರುವ ಮಾಷ್ಟ್ರ ಹತ್ತಿರ ಇಂಗ್ಲಿಷಿನಲ್ಲಿ ಬರೆಸುತ್ತಾರೆ. ಕೆಲಸ ಆಗಬೇಕಾದವರಿಗೆ ಇದರಲ್ಲಿ ತಪ್ಪು ಏನೂ ಇಲ್ಲ. ಆದರೆ ಪರಿಣಾಮ ನೋಡಿ. ಕನ್ನಡದಲ್ಲಿ ಬರುವ ಅರ್ಜಿ ಕಡಿಮೆಯಾಗುತ್ತದೆ. ಅರ್ಜಿ ಕಡಿಮೆಯಾದರೆ ಕನ್ನಡ ಬಲ್ಲ ನೌಕರರು ಬೇಕು ಎಂದು ತೋರಿಸಲು ಲೆಕ್ಕ ಇರುವುದಿಲ್ಲ. ಲೆಕ್ಕ ಇಲ್ಲದಿದ್ದರೆ ಹುದ್ದೆ ಇರುವುದಿಲ್ಲ. ಹುದ್ದೆ ಇಲ್ಲದಿದ್ದರೆ ಕನ್ನಡದ ಅರ್ಜಿ ಮತ್ತೂ ನಿಧಾನ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸುತ್ತುವ ಈ ಚಕ್ರಕ್ಕೆ ಯಾವ ಮಸೂದೆಯೂ ಬೇಕಾಗಿಲ್ಲ. ತನ್ನಷ್ಟಕ್ಕೆ ತಿರುಗುತ್ತದೆ.

2023ರ ನವೆಂಬರ್ 18ರಂದು ಕೇರಳದ ಇಡೀ ಮಂತ್ರಿಮಂಡಲ ಬಸ್ಸಿನಲ್ಲಿ ರಾಜ್ಯ ಸುತ್ತುವ ನವಕೇರಳ ಸದಸ್ ಶುರುವಾದದ್ದು ಮಂಜೇಶ್ವರ ಕ್ಷೇತ್ರದ ಪೈವಳಿಕೆಯಲ್ಲಿ. ಅಲ್ಲಿಂದ ಮುಂದಕ್ಕೆ ಪ್ರತಿ ಕ್ಷೇತ್ರದಲ್ಲೂ ಜನ ಕೌಂಟರ್‌ಗಳ ಮುಂದೆ ಸಾಲು ನಿಂತು ಮನವಿ ಕೊಟ್ಟರು. ಮಂತ್ರಿಗಳೇ ಮನೆ ಬಾಗಿಲಿಗೆ ಬಂದರು ಎಂಬ ಹೆಮ್ಮೆ ಸರಕಾರಕ್ಕೆ. ಕಾಗದ ಕೊನೆಗೆ ಹೋಗುವುದು ಅದೇ ಇಲಾಖೆಯ ಅದೇ ಮೇಜಿಗೆ ಎಂಬ ಟೀಕೆ ವಿರೋಧ ಪಕ್ಷದ್ದು. ಎರಡೂ ನಿಜ. ಕೊಡುವ ಜಾಗ ಹತ್ತಿರ ಬಂದರೆ ಸಾಲದು, ತೀರ್ಮಾನ ಮಾಡುವವನ ಮೇಲೆ ಉತ್ತರ ಕೊಡುವ ಹೊಣೆ ಇರಬೇಕು. ಇದನ್ನು ಕಾಸರಗೋಡಿಗಿಂತ ಕಷ್ಟಪಟ್ಟು ಕಲಿತ ಜಿಲ್ಲೆ ಬೇರೆ ಇರಲಿಕ್ಕಿಲ್ಲ.

ಗೇರು ತೋಟದಿಂದ ಸುಪ್ರೀಂ ಕೋರ್ಟಿಗೆ

ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಅದನ್ನು ಮನವಿಗಳ ಕಥೆಯಾಗಿ ನೋಡೋಣ.

ಕೇರಳ ಸರಕಾರದ್ದೇ ಕಂಪನಿಯಾದ ಪ್ಲಾಂಟೇಶನ್ ಕಾರ್ಪೊರೇಶನ್‌ಗೆ ಕಾಸರಗೋಡಿನ ಗುಡ್ಡಗಳಲ್ಲಿ 4,600 ಹೆಕ್ಟೇರ್‌ಗೂ ಜಾಸ್ತಿ ಗೇರು ತೋಟ. ಟೀ ಸೊಳ್ಳೆ ಎಂಬ ಕೀಟದ ಕಾಟ ತಡೆಯಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಮೇಲೆ ತೋಟ, ಬುಡದಲ್ಲಿ ಮನೆ, ಬಾವಿ, ನೀರಿನ ಸುರಂಗ, ತೋಡು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಹರಿಯುವ ಕೊಡೆಂಕೀರಿ ತೋಡಿನ ಹೆಸರು ಆಮೇಲೆ ವರದಿಗಳಲ್ಲಿ ಮತ್ತೆ ಮತ್ತೆ ಬಂತು. ಸಿಂಪಡಿಸುವ ಮೊದಲು ಜನರಿಗೆ ತಿಳಿಸಬೇಕು, ನೀರಿನ ಮೂಲಗಳನ್ನು ಮುಚ್ಚಬೇಕು ಎಂಬ ನಿಯಮವೇನೋ ಇತ್ತು. ಬಾವಿಗೆ ಏನಾದರೂ ಹೊದೆಸಬಹುದು. ತೋಡನ್ನು ಮುಚ್ಚುವುದು ಹೇಗೆ?

ಹುಟ್ಟುವ ಕರುಗಳ ಅಂಗ ಊನವಾಗುತ್ತಿದೆ ಎಂದು ಪತ್ರಕರ್ತ ಶ್ರೀಪಡ್ರೆ ಬರೆದದ್ದು 1979ರ ಸುಮಾರಿಗೆ. ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ಊರಿನಲ್ಲಿ ಇಷ್ಟು ಕ್ಯಾನ್ಸರ್, ಇಷ್ಟು ಬುದ್ಧಿಮಾಂದ್ಯತೆ ಏಕೆ ಎಂದು ಕೇಳಲು ತೊಡಗಿದರು. ಎಚ್ಚರಿಕೆ ಬಂದದ್ದಕ್ಕೂ ಸಿಂಪಡಣೆ ನಿಂತದ್ದಕ್ಕೂ ನಡುವೆ ಇಪ್ಪತ್ತು ವರ್ಷ ಹೋಯಿತು.

ಏಕೆ ಇಷ್ಟು ತಡ? ಒಂದು ಕಾರಣ ಎದ್ದು ಕಾಣುತ್ತದೆ. ಸಿಂಪಡಿಸುತ್ತಿದ್ದುದು ಸರಕಾರದ ಕಂಪನಿ. ಅನುಮತಿ ಕೊಟ್ಟದ್ದು ಸರಕಾರ. ದೂರು ಹೋಗುತ್ತಿದ್ದುದೂ ಸರಕಾರಕ್ಕೆ. ಯಾರ ಮೇಲೆ ದೂರೋ ಅವರ ಕೈಗೇ ದೂರು ಕೊಟ್ಟರೆ ಅದು ಬರೀ ಕಾಗದ. ಅದಕ್ಕೆ ಗಡುವು ಇಲ್ಲ, ಉತ್ತರ ಕೊಡದಿದ್ದರೆ ಕೇಳುವವರಿಲ್ಲ.

1998ರಲ್ಲಿ ಇದು ಬದಲಾಯಿತು. ಪೆರಿಯದಲ್ಲಿ ವಾಸವಿದ್ದ, ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಕಾಸರಗೋಡು ಜಿಲ್ಲೆಯದ್ದೇ ಆದ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಕೋರ್ಟು ಹೆಲಿಕಾಪ್ಟರ್ ಸಿಂಪಡಣೆಗೆ ತಡೆ ಕೊಟ್ಟಿತು. ದೊಡ್ಡ ಹೋರಾಟವೊಂದರ ಕೀಲಿ ತಿರುಗಿದ್ದು ನ್ಯಾಯ ವ್ಯವಸ್ಥೆಯ ತೀರ ಕೆಳಗಿನ ಮೆಟ್ಟಿಲಲ್ಲಿ. ಮುನ್ಸಿಫ್ ಕೋರ್ಟಿಗೆ ಬಂದ ಕಾಗದಕ್ಕೆ ಎದುರು ಪಕ್ಷ ಉತ್ತರ ಕೊಡಲೇಬೇಕು. ಕಲೆಕ್ಟರೇಟ್‌ಗೆ ಕೊಟ್ಟ ಮನವಿಗೆ ಹಾಗಿಲ್ಲ.

ಆಮೇಲೆ ವಿಜ್ಞಾನದ ಜಗಳ. ಪಡ್ರೆಯ ಜನರನ್ನು ಪರೀಕ್ಷಿಸಿದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2002ರ ವರದಿಯಲ್ಲಿ ಬೆರಳು ತೋರಿಸಿದ್ದು ಎಂಡೋಸಲ್ಫಾನ್ ಕಡೆಗೆ. ಕೇಂದ್ರ ನೇಮಿಸಿದ ಒ.ಪಿ. ದುಬೆ ಸಮಿತಿ 2003ರಲ್ಲಿ ಕಾಯಿಲೆಗೂ ಎಂಡೋಸಲ್ಫಾನ್‌ಗೂ ನಂಟು ಕಾಣುವುದಿಲ್ಲ ಎಂದಿತು. ಈ ನಂಟನ್ನು ಒಪ್ಪದ ಕೃಷಿ ವಿಜ್ಞಾನಿಗಳು ಇವತ್ತಿಗೂ ಇದ್ದಾರೆ. ಒಬ್ಬ ವ್ಯಕ್ತಿಯ ಕಾಯಿಲೆಗೆ ಒಂದು ರಾಸಾಯನಿಕವೇ ಕಾರಣ ಎಂದು ಸಾಬೀತು ಮಾಡುವುದು ನಿಜಕ್ಕೂ ಕಷ್ಟ. ಆದರೆ ಸಿಂಪಡಣೆ ಶುರುವಾಗುವ ಮೊದಲು ಜನರ ಆರೋಗ್ಯ ಹೇಗಿತ್ತು ಎಂದು ಯಾರೂ ದಾಖಲೆ ಮಾಡಿಡಲಿಲ್ಲ ಎನ್ನುವುದನ್ನು ಮರೆಯಬಾರದು. ದಾಖಲೆ ಇಡಬೇಕಾದವರು ಇಡದೆ, ಆಮೇಲೆ ದಾಖಲೆ ಎಲ್ಲಿ ಎಂದು ಸಂತ್ರಸ್ತರನ್ನು ಕೇಳಿದರೆ ಏನು ಹೇಳುವುದು?

2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕು ಆಯೋಗ ಪರಿಹಾರದ ಶಿಫಾರಸು ಮಾಡಿತು. ಸತ್ತವರ ಕುಟುಂಬಕ್ಕೆ, ಹಾಸಿಗೆ ಹಿಡಿದವರಿಗೆ, ಬುದ್ಧಿಮಾಂದ್ಯತೆ ಇರುವವರಿಗೆ ತಲಾ 5 ಲಕ್ಷ ರೂಪಾಯಿ, ಬೇರೆ ಅಂಗವೈಕಲ್ಯ ಇರುವವರಿಗೆ 3 ಲಕ್ಷ. 2011ರ ಏಪ್ರಿಲ್‌ನಲ್ಲಿ, ಬೇಗ ಕರಗದ ವಿಷಕಾರಿ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು, ಸಿಪಿಎಂನ ಯುವ ಸಂಘಟನೆ ಡಿವೈಎಫ್ಐ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಗೆ ತಡೆ ಹಾಕಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ 5 ಲಕ್ಷವನ್ನು ಮೂರು ತಿಂಗಳೊಳಗೆ ಕೊಡಿ ಎಂದು ರಾಜ್ಯಕ್ಕೆ ಹೇಳಿತು.

ಮೂರು ತಿಂಗಳು ಐದು ವರ್ಷ ಆಯಿತು. 2022ರ ಮೇಯಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಗೊತ್ತಾದ ಲೆಕ್ಕ ಇದು: 3,700ಕ್ಕೂ ಹೆಚ್ಚು ಜನರಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಆ ಎಂಟು ಮಂದಿ ಯಾರು? ನಿಂದನೆ ಅರ್ಜಿ ಹಾಕಿದವರೇ. ಕೋರ್ಟು ಇದನ್ನು ಕಟುವಾಗಿ ಟೀಕಿಸಿತು, ಎಂಟೂ ಮಂದಿಗೆ ತಲಾ 50,000 ರೂಪಾಯಿ ಖರ್ಚು ಕೊಡಿಸಿತು. ಉಳಿದವರ ಹಣ ಬಿಡುಗಡೆಗೆ ವೇಗ ಬಂದದ್ದು ಆಮೇಲೆ.

ಹಕ್ಕು ಎಲ್ಲರಿಗೂ ಒಂದೇ ಇತ್ತು, ಆದೇಶವೂ ಒಂದೇ. ಹಣ ಮೊದಲು ಹೋದದ್ದು ದೆಹಲಿವರೆಗೆ ಕಾಗದ ಮುಟ್ಟಿಸಲು ಆದವರಿಗೆ.

ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ

ಪರಿಹಾರ ಕೊಡುತ್ತೇವೆ ಎಂದ ಮೇಲೆ ಜಗಳ ಪಟ್ಟಿಗೆ ಬಂತು. 2017ರ ವೈದ್ಯಕೀಯ ಶಿಬಿರದಲ್ಲಿ 1,905 ಮಂದಿಯ ಹೆಸರು ಮೊದಲ ಪಟ್ಟಿಯಲ್ಲಿತ್ತು. ಅಂತಿಮ ಪಟ್ಟಿಗೆ ಬರುವಾಗ ಅದು 287ಕ್ಕೆ ಇಳಿಯಿತು. ಪ್ರತಿಭಟನೆ ಆದ ಮೇಲೆ 76 ಹೆಸರು ಸೇರಿತು. 2019ರ ಆರಂಭದಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸೆಕ್ರೆಟೇರಿಯೇಟ್ ಮುಂದೆ ಉಪವಾಸ ಕೂತರು. ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ ಜತೆಗಿದ್ದರು. ಆಗ 18 ವರ್ಷದೊಳಗಿನ 511 ಮಕ್ಕಳ ಹೆಸರು ಒಳಗೆ ಬಂತು. ಹೊರಗೆ ಉಳಿದವರು 1,031 ಮಂದಿ. ಈ ಸಂಖ್ಯೆಯ ಹೆಸರಿನಲ್ಲಿ ಹೋರಾಟ ಆಮೇಲೂ ನಡೆಯಿತು.

ಅನರ್ಹರು ಸೇರಿಕೊಳ್ಳಬಾರದು ಎನ್ನುವುದು ಸರಕಾರದ ಕಾಳಜಿ. ಸಾರ್ವಜನಿಕ ಹಣ ಅಲ್ಲವೇ, ಆ ಕಾಳಜಿ ಇರಬೇಕಾದದ್ದೇ. ಆದರೆ ಉಪವಾಸ ಕೂತಾಗ 511 ಹೆಸರು ಒಳಗೆ ಬರುತ್ತದೆ ಎಂದರೆ ಮೊದಲು ಬಿಟ್ಟದ್ದಕ್ಕೆ ಗಟ್ಟಿ ಕಾರಣ ಇತ್ತೇ ಎಂಬ ಅನುಮಾನ ಹುಟ್ಟುತ್ತದೆ. ಹೆಸರು ಬಿಟ್ಟಾಗ ಪ್ರತಿಯೊಬ್ಬರಿಗೂ ಏಕೆ ಬಿಟ್ಟೆವು ಎಂದು ಅವರಿಗೆ ಓದಲು ಬರುವ ಭಾಷೆಯಲ್ಲಿ ಒಂದು ಪುಟ ಬರೆದುಕೊಟ್ಟಿದ್ದರೆ ಈ ಜಗಳ ಅರ್ಧ ಕಡಿಮೆಯಾಗುತ್ತಿತ್ತು. ಹನ್ನೊಂದು ಪೀಡಿತ ಪಂಚಾಯತುಗಳಲ್ಲಿ ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕದಂಥ ಕನ್ನಡ ಓದುವವರ ಊರುಗಳೂ ಇವೆ ಎಂಬುದನ್ನು ನೆನಪಿಡಬೇಕು.

ಇದೇ ಎಣ್ಮಕಜೆ, ಬದಿಯಡ್ಕದ ಹತ್ತಿರದ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರ್‌ನಲ್ಲಿ ಕಲ್ಲು ಹಾಕಿದರು. ಎಂಬಿಬಿಎಸ್ ತರಗತಿಗೆ ಅನುಮತಿ ಬಂದದ್ದು 2025ರಲ್ಲಿ. ನಡುವಿನ ವರ್ಷಗಳಲ್ಲಿ ದೊಡ್ಡ ಕಾಯಿಲೆ ಎಂದರೆ ಮಂಗಳೂರಿಗೆ ಓಡುವುದೇ ದಾರಿಯಾಗಿತ್ತು.

“ಅಥವಾ” ಎಂಬ ಒಂದು ಪದ

ಇನ್ನು ಇವತ್ತಿನ ಪರಿಸರದ ಪ್ರಶ್ನೆಗಳಿಗೆ ಬರೋಣ. ದೊಡ್ಡ ಯೋಜನೆಗಳಿಗೆ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಕೇಳಬೇಕು ಎಂದು 2006ರ ಪರಿಸರ ಪರಿಣಾಮ ಅಧಿಸೂಚನೆ ಹೇಳುತ್ತದೆ. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಇಂಗ್ಲಿಷಿನ ಜತೆ ಸ್ಥಳೀಯ ಭಾಷೆಯಲ್ಲಿ ಅಥವಾ ರಾಜ್ಯದ ಅಧಿಕೃತ ಭಾಷೆಯಲ್ಲಿ ಇರಬೇಕು.

ಈ “ಅಥವಾ” ಬೇರೆ ಕಡೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಟ್ಟಾಯಂನಲ್ಲೂ ಹಾಸನದಲ್ಲೂ ಸ್ಥಳೀಯ ಭಾಷೆ, ರಾಜ್ಯದ ಭಾಷೆ ಎರಡೂ ಒಂದೇ. ಮಂಜೇಶ್ವರದಲ್ಲಿ ಎರಡೂ ಬೇರೆ ಬೇರೆ. ಮಲಯಾಳದಲ್ಲಿ ಕೊಟ್ಟರೆ ನಿಯಮ ಪಾಲಿಸಿದ ಹಾಗಾಗುತ್ತದೆ, ಆದರೆ ಪಕ್ಕದ ಮನೆಯ ಅಜ್ಜನಿಗೆ ವಿಷಯ ತಿಳಿದಿರುವುದಿಲ್ಲ. ತಿಳಿಯದವನು ಆಕ್ಷೇಪ ಹಾಕುವುದಿಲ್ಲ. ಆಕ್ಷೇಪ ಬರಲಿಲ್ಲ ಎಂದರೆ ಕಡತದಲ್ಲಿ “ವಿರೋಧ ಇಲ್ಲ” ಎಂದಾಗುತ್ತದೆ. ಕೆಲಸ ಶುರುವಾಗಿ ಧೂಳು ಅಂಗಳಕ್ಕೆ ಬಂದ ಮೇಲೆ ಜನ ಮನವಿ ಹಿಡಿದು ಹೊರಡುತ್ತಾರೆ. ಆಗ ಬರುವ ಉತ್ತರ: ಮೊದಲೇ ಹೇಳಬೇಕಿತ್ತು.

ಇದಕ್ಕಿಂತ ದೊಡ್ಡ ತೊಂದರೆ ಚಿಕ್ಕ ಕೋರೆಗಳದ್ದು. ಬಿ2 ಎಂಬ ವರ್ಗದ ಯೋಜನೆಗಳಿಗೆ ಸಾರ್ವಜನಿಕ ಅಹವಾಲೇ ಬೇಕಾಗಿಲ್ಲ. ಕಡಿಮೆ ಜಾಗದ ಕಲ್ಲುಕೋರೆಗಳು ಸಾಮಾನ್ಯವಾಗಿ ಈ ವರ್ಗದಲ್ಲೇ ಬರುತ್ತವೆ. ಕಾಸರಗೋಡಿನ ಪದವುಗಳು, ಅಂದರೆ ಗುಡ್ಡದ ತಲೆಯ ಬಯಲುಗಳು, ಕೆಂಪು ಕಲ್ಲಿನವು, ಮುರಕಲ್ಲಿನವು. ಆ ಕಲ್ಲಿನ ಮೈಯೆಲ್ಲ ಸಣ್ಣ ತೂತು. ಮಳೆ ನೀರು ಅದರೊಳಗೆ ಇಳಿದು, ನಿಧಾನವಾಗಿ ಸರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಬರುತ್ತದೆ. ಇಲ್ಲಿನವರು ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಸುರಂಗ ಕೊರೆದು ನೀರು ತರುವುದು ಇದೇ ಲೆಕ್ಕಾಚಾರದ ಮೇಲೆ. ಪದವಿನ ತಲೆಯಿಂದ ಕಲ್ಲು ಕೊಯ್ದು ತೆಗೆದರೆ ನೀರು ಹಿಡಿದಿಡುವ ಪದರವೇ ತೆಳ್ಳಗಾಗುತ್ತದೆ. ಒಂದು ಕೋರೆಯಿಂದ ಏನೂ ಆಗದೆ ಇರಬಹುದು. ಒಂದೇ ಪದವಿನಲ್ಲಿ ಹತ್ತು ಕೋರೆ ಎದ್ದರೆ ಹಾಗಲ್ಲ. ಹತ್ತಿರ ಹತ್ತಿರ ಇರುವ ಕೋರೆಗಳನ್ನು ಒಂದು ಗುಂಪಾಗಿ ನೋಡಬೇಕು ಎಂಬ ನಿಯಮವೇನೋ ಇದೆ. ಆದರೆ ಇಡೀ ಗುಡ್ಡವನ್ನು ನೋಡಿ “ಈ ಗುಡ್ಡಕ್ಕೆ ಇಷ್ಟು ಸಾಕು” ಎಂದು ಯಾರಾದರೂ ಹೇಳಬೇಕು.

ಕಲ್ಲು ಕೊಯ್ಯುವವರ ಮಾತೂ ಇದೆ. ಮನೆ ಕಟ್ಟಲು ಕೆಂಪು ಕಲ್ಲು ಎಲ್ಲರಿಗೂ ಬೇಕು. ಕೂಲಿ, ಲಾರಿ ಬಾಡಿಗೆ, ಜಾಗದವನಿಗೆ ಹಣ ಎಂದು ಎಷ್ಟೋ ಮನೆ ನಡೆಯುವುದು ಇದರಿಂದ. ಎಲ್ಲ ನಿಲ್ಲಿಸಿ ಎನ್ನುವ ಮನವಿಗಿಂತ ಈ ಪದವಿನಲ್ಲಿ ಇಷ್ಟೇ, ಸುರಂಗ ಇರುವ ಬದಿಯಲ್ಲಿ ಬೇಡ ಎನ್ನುವ ಮನವಿಗೆ ಉತ್ತರ ಕೊಡುವುದು ಅಧಿಕಾರಿಗೂ ಸುಲಭ, ತಪ್ಪಿಸಿಕೊಳ್ಳುವುದು ಕಷ್ಟ.

ನೀರಿಗೆ ಗಡಿ ಇಲ್ಲ, ಫೈಲಿಗೆ ಇದೆ

ಬೆಳ್ಳೂರು ಪಂಚಾಯತಿನ ಮಿಂಚಿಪದವು ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಜಾಗ. ಉಳಿದಿದ್ದ ಎಂಡೋಸಲ್ಫಾನನ್ನು ಅಲ್ಲಿನ ತೋಟದ ಬಾವಿಯಲ್ಲಿ ಹೂಳಿದ್ದಾರೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಜಾಗಕ್ಕೆ ಬಂದು ನೋಡಬೇಕಾಯಿತು. ದೂರು ಕೊಟ್ಟವರು ಕರ್ನಾಟಕದ ಕಡೆಯವರು, ಜಾಗ ಕೇರಳದ್ದು. ಮಣ್ಣಿನಡಿಯ ನೀರು ಎರಡೂ ಕಡೆಯವರದ್ದು.

ಇಂಥ ಕಡೆ ಜಿಲ್ಲಾ ಆಫೀಸಿಗೆ ಕೊಡುವ ಮನವಿ ಹೆಚ್ಚು ದೂರ ಹೋಗುವುದಿಲ್ಲ. ಕಾಸರಗೋಡಿನ ಕಲೆಕ್ಟರ್ ಪುತ್ತೂರಿನ ಬಾವಿಯ ನೀರು ಪರೀಕ್ಷೆ ಮಾಡಿಸಲಾರರು. ದಕ್ಷಿಣ ಕನ್ನಡದ ಅಧಿಕಾರಿ ಬೆಳ್ಳೂರಿನ ಬಾವಿಗೆ ಕೈ ಹಾಕಲಾರರು. ಎರಡೂ ರಾಜ್ಯದ ಮೇಲೆ ಅಧಿಕಾರ ಇರುವ ಜಾಗಕ್ಕೇ ಹೋಗಬೇಕು. ಹಸಿರು ನ್ಯಾಯಮಂಡಳಿಗೆ ಆ ಅಧಿಕಾರ ಇದೆ. ತನ್ನಷ್ಟಕ್ಕೆ ಪ್ರಕರಣ ಕೈಗೆತ್ತಿಕೊಳ್ಳುವ ಅಧಿಕಾರವೂ ಅದಕ್ಕಿದೆ ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಅಲ್ಲಿ ಗಡುವು ಇದೆ. ಪರಿಸರದ ವಿವಾದವನ್ನು ಕಾರಣ ಹುಟ್ಟಿದ ಆರು ತಿಂಗಳೊಳಗೆ ಒಯ್ಯಬೇಕು, ಪರಿಹಾರ ಕೇಳುವುದಾದರೆ ಐದು ವರ್ಷದೊಳಗೆ. ಕನ್ನಡದ ಅರ್ಜಿ ಯಾವುದೋ ಮೇಜಿನಲ್ಲಿ ನಾಲ್ಕು ತಿಂಗಳು ಅನುವಾದಕ್ಕೆ ಕಾದರೆ ಆ ನಾಲ್ಕು ತಿಂಗಳೂ ಈ ಆರರಲ್ಲೇ ಕಳೆಯುತ್ತದೆ.

ಎಂಡೋಸಲ್ಫಾನ್ ಸಿಂಪಡಣೆ ಗಡಿಯ ಆಚೆ, ಬೆಳ್ತಂಗಡಿಯ ಕೊಕ್ಕಡದ ಕಡೆಯೂ ನಡೆದಿತ್ತು. ಅಲ್ಲಿನವರಿಗೆ ಕರ್ನಾಟಕದ ಪಟ್ಟಿ, ಕರ್ನಾಟಕದ ಮಾಸಾಶನ. ಇಲ್ಲಿನವರಿಗೆ ಕೇರಳದ ಪಟ್ಟಿ, ಕೇರಳದ ಪರಿಹಾರ. ವಿಷ ಒಂದೇ, ಅರ್ಜಿಯ ನಮೂನೆ ಎರಡು.

ಉತ್ತರ ಬರುವ ಹಾಗೆ ಬರೆಯುವುದು

ಹಾಗಾದರೆ ಸಹಿ ಸಂಗ್ರಹ ಸುಮ್ನೆ ಕೆಲಸವಾ? ಹಾಗೇನಿಲ್ಲ. ಸಾವಿರ ಸಹಿ ಇರುವ ಕಾಗದಕ್ಕೆ ರಾಜಕೀಯದ ತೂಕ ಇದೆ, ಚುನಾವಣೆಯ ವರ್ಷದಲ್ಲಿ ಇನ್ನೂ ಜಾಸ್ತಿ. ಆದರೆ ಅದರ ಜತೆ ಗಡುವು ಇರುವ ಕಾಗದವೂ ಹೋಗಬೇಕು.

ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬೇಕು. ಬೇರೆ ಇಲಾಖೆಗೆ ಸೇರಿದ್ದಾದರೆ ಐದು ದಿನದೊಳಗೆ ಅಲ್ಲಿಗೆ ಕಳಿಸಬೇಕು. ಆ ಕಾಯ್ದೆ ಇಂಗ್ಲಿಷ್, ಹಿಂದಿ ಬಿಟ್ಟರೆ “ಆ ಪ್ರದೇಶದ ಅಧಿಕೃತ ಭಾಷೆ”ಯಲ್ಲಿ ಅರ್ಜಿ ಕೊಡಬಹುದು ಎನ್ನುತ್ತದೆ. ಇಲ್ಲಿಯೂ ಕನ್ನಡದ ಮೇಲೆ ತಕರಾರು ಎದ್ದರೆ ಹಿಡಿದುಕೊಳ್ಳಲು 1969ರ ಕಾಯ್ದೆ ಇದೆ. “ನಮ್ಮ ಮನವಿ ಈಗ ಯಾರ ಹತ್ತಿರ ಇದೆ, ಏನು ಕ್ರಮ ಆಯಿತು” ಎಂದು ಎರಡು ಸಾಲು ಕೇಳಿದರೆ ಸಾಕು, ಮನವಿಗೆ ಇಲ್ಲದ ಗಡುವು ಅದಕ್ಕೆ ಅಂಟಿಕೊಳ್ಳುತ್ತದೆ.

ಮೂರು ತಿಂಗಳಿಗೊಮ್ಮೆ ಸೇರಬೇಕಾದ ಗ್ರಾಮಸಭೆಯೂ ಇದೆ. ಅಲ್ಲಿ ಮಾತು ತುಳುವಿನಲ್ಲೋ ಕನ್ನಡದಲ್ಲೋ ಧಾರಾಳವಾಗಿ ನಡೆಯುತ್ತದೆ, ನಡಾವಳಿಯಲ್ಲಿ ಏನು ಬರೆದರು ಎಂದು ಓದಿ ನೋಡುವವರು ಕಡಿಮೆ. 2025ರ ಡಿಸೆಂಬರ್‌ನ ಚುನಾವಣೆಯಲ್ಲಿ ಗೆದ್ದು ಬಂದ ಹೊಸ ಸದಸ್ಯರನ್ನು ಊರವರು ಮೊದಲು ಕೇಳಬೇಕಾದದ್ದು ಬಹುಶಃ ಇದನ್ನೇ.

ಮತ್ತೊಂದು ಸಣ್ಣ ಉಪಾಯ. ಮನವಿಯನ್ನು ಕನ್ನಡದಲ್ಲೇ ಬರೆದು, ಅದರ ಹಿಂದೆ ಮಲಯಾಳ ಅನುವಾದ ಇಟ್ಟು, ಉತ್ತರವೂ ಕನ್ನಡದಲ್ಲೇ ಬೇಕು ಎಂದು ಕೊನೆಗೆ ಒಂದು ಸಾಲು ಸೇರಿಸಿದರೆ ಕೆಲಸವೂ ನಿಲ್ಲುವುದಿಲ್ಲ, ಲೆಕ್ಕದಲ್ಲಿ ಕನ್ನಡದ ಅರ್ಜಿಯೂ ಉಳಿಯುತ್ತದೆ. ಮೇಲೆ ಹೇಳಿದ ಚಕ್ರವನ್ನು ಜನರ ಕಡೆಯಿಂದ ನಿಲ್ಲಿಸಲು ಸಾಧ್ಯವಿರುವುದು ಇಷ್ಟು. ಉಳಿದದ್ದು ಸರಕಾರದ ಕೈಯಲ್ಲಿ.

ಮುಂದೆ ನೋಡಬೇಕಾದದ್ದು

ಯಾವ ಭಾಷಾ ಕಾನೂನಿಗೂ ಬಲ ಬರುವುದು ಅದರ ನಿಯಮಗಳಿಂದ. ಕನ್ನಡಿಗರಿಗೆ ರಕ್ಷಣೆ ಇದೆ ಎಂಬ ಸಾಲಿನ ಕೆಳಗೆ ಎಷ್ಟು ಆಫೀಸಿನಲ್ಲಿ ಎಷ್ಟು ಕನ್ನಡ ಬಲ್ಲ ನೌಕರರು, ಉತ್ತರಕ್ಕೆ ಎಷ್ಟು ದಿನ, ತಪ್ಪಿದರೆ ಯಾರಿಗೆ ದೂರು ಎಂದು ಬರೆದರೆ ತಿರುವನಂತಪುರದ ಮಾತು ನಿಜವಾಗುತ್ತದೆ. ಬರೆಯದಿದ್ದರೆ 1969ರ ಸಾಲೇ ಹೊಸ ಪುಟದಲ್ಲಿ ಮತ್ತೆ ಅಚ್ಚಾದ ಹಾಗೆ. ಬೆಂಗಳೂರಿನಿಂದ ಹೋಗುವ ಪತ್ರಗಳೂ ಮಸೂದೆ ಹಿಂತೆಗೆಯಿರಿ ಎನ್ನುವಲ್ಲಿಗೆ ನಿಲ್ಲದೆ ಈ ಮೂರನ್ನು ಕೇಳಿದರೆ ಗಡಿಯವರಿಗೆ ಜಾಸ್ತಿ ಉಪಯೋಗ.

ಪರಿಸರದ ನೋಟಿಸುಗಳಿಗೆ ಹೊಸ ಕಾನೂನು ಬೇಕಾಗಿಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ನಡೆಯುವ ಅಹವಾಲುಗಳ ನೋಟಿಸು ಮತ್ತು ಸಾರಾಂಶ ಮಲಯಾಳದ ಜತೆ ಕನ್ನಡದಲ್ಲೂ ಇರಲಿ ಎಂದು ರಾಜ್ಯ ಒಂದು ಆದೇಶ ಹೊರಡಿಸಿದರೆ ಆಯಿತು. ಅಧಿಸೂಚನೆಯಲ್ಲಿ “ಸ್ಥಳೀಯ ಭಾಷೆ” ಎಂಬ ಮಾತು ಈಗಾಗಲೇ ಇದೆ. ಪಕ್ಕದಲ್ಲಿರುವ “ಅಥವಾ”ವನ್ನು ಈ ಎರಡು ತಾಲೂಕುಗಳ ಮಟ್ಟಿಗೆ “ಮತ್ತು” ಎಂದು ಓದಿಕೊಳ್ಳಬೇಕು, ಅಷ್ಟೇ.